ವೀಬ್ಕೆಗೆ ಮಾಡಿದ ರಟ್ಟಿನ ಟೋಪಿ

ಕೇಳು ವೀಬ್ಕೆ, ಎಲ್ಲಿದ್ದರೂ ಕೇಳು! ಇಂದು ನಮ್ಮ ಗಣಕವಿಜ್ಞಾನ ವಿಭಾಗದಲ್ಲಿ ಯೋರಿಸನಿಗೆ ಡಾಕ್ಟರೇಟ್ ಆಯಿತು. ಡಾಕ್ಟರೇಟ್ ಆದವರಿಗೆ ಅವರ ಬದುಕಿನ ಗುರುತುಗಳನ್ನು ಸಿಕ್ಕಿಸಿದ ರಟ್ಟಿನ ಟೋಪಿ ತೊಡಿಸುವ ಇಲ್ಲಿಯ ಜರ್ಮನ್ ಪದ್ಧತಿಯಂತೆ ಅವನಿಗೆ ಟೋಪಿ ಮಾಡಲು ಹುಡುಗರು ರಟ್ಟು ಹುಡುಕುತ್ತ ನನ್ನ ಕಪಾಟು ತೆರೆದರು. ಒಳಗಿತ್ತು, ಆರು ವರ್ಷದ ಹಿಂದೆ ನಿನಗೆಂದು ನಾನು ಅಂಟಿಸಿದ ಟೋಪಿ! ತುದಿಯಲ್ಲಿ ನೀನು ದಿನವೂ ಬೀಳುತ್ತಿದ್ದ ಸೈಕಲ್ಲಿನ ಪುಟ್ಟ ಗೊಂಬೆ.

"ಯಾರದು ಇದು, ಟಿಲ್ಮನ್?" ಎಂದು ನನ್ನನ್ನು ಕೇಳಿದಳು ಅವರಲ್ಲೊಬ್ಬಳಾದ ಸ್ವಾಂಟ್ಯೆ.

"ಗೊತ್ತಿಲ್ಲ" ಎಂದೆ.

"ಹಾಗಾದ್ರೆ ಸೈಕಲ್ ಕಿತ್ತಾಕಿ ಇವನಿಗೇ ಹಾಕೋಣ. ಲೋ ಯೋರಿಸ್, ನಿನ್ನ ದಪ್ಪ ತಲೆ ತೂರಿಸೋ!"

ಅಂದು ನಮ್ಮಿಬ್ಬರ ನಡುವೆ ಸಂಬಳದ ಹುದ್ದೆ ಒಂದೇ ಉಳಿದಾಗ, "ವೀಬ್ಕೆ ಪ್ರಬಂಧ ಮುಗಿಸ್ತಾಳಾ?" ಎಂದು ಪ್ರೊಫೆಸರು ಕೇಳಿದ್ದರು. ನಿನ್ನ ಕೊನೆಯ ಅಧ್ಯಾಯವನ್ನು ಓದಿ ಮುಗಿಸಿದ್ದ ನಾನು ಹೇಳಿದ್ದೂ ಇದೇ "ಗೊತ್ತಿಲ್ಲ" ಎಂಬ ಮಾತು. ಹುದ್ದೆ ನನಗೆ ಬಂತು. ನೀನು ಊರು ಬಿಟ್ಟೆ.

ಟೋಪಿ ಯೋರಿಸನಿಗೆ ಸರಿಯಾಗಿ ಕೂತಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ.