ಹೂ ತಲುಪಿದ್ದಕ್ಕೆ ಸಹಿ

ವೂಚ್, ಪೋಲೆಂಡ್
೧೨ ಮಾರ್ಚ್ ೧೯೭೯

ಪಕ್ಷದ ಕಾರ್ಯದರ್ಶಿ ಕಾಮ್ರೇಡ್ ಗ್ರಾಬೋವ್ಸ್ಕಿ ಅವರಿಗೆ,

ಮಹಿಳಾ ದಿನದಂದು ಮಾಡಿದ ತಪ್ಪಿಗೆ ಆತ್ಮವಿಮರ್ಶೆ ಬರೆದುಕೊಡಿ, ಇಲ್ಲದಿದ್ದರೆ ಸಂಸತ್ತಿನ ಸ್ಥಾನ ಬಿಡಿ ಎಂದಿದ್ದೀರಿ. ಬರೆದಿದ್ದೇನೆ.

ಅಂದಿನ ಸಭೆಯಲ್ಲಿ ಎಂದಿನಂತೆ ಗಿರಣಿಯ ಹೆಂಗಸರಿಗೆಲ್ಲ ಒಂದೊಂದು ಕಾರ್ನೇಷನ್ ಹೂ ಕೊಟ್ಟು, ತಲುಪಿತೆಂದು ಸಹಿ ಹಾಕಿಸಿಕೊಂಡಿರಿ. ನೀವು ಬರೆದುಕೊಟ್ಟ ಧನ್ಯವಾದದ ಭಾಷಣ ಓದಲು ನಾನು ಎದ್ದೆ. ಅಷ್ಟರಲ್ಲಿ, ಹಿಂದೊಮ್ಮೆ ನನಗೆ ಮಗ್ಗದ ಕೆಲಸ ಕಲಿಸಿದ ಮುದುಕಿ ಗೆನೋವೆಫಾ ಹಿಂದಿನ ಸಾಲಿನಿಂದ ಕೂಗಿದಳು: "ಲೇ ಲುದ್ವಿಕಾ, ಊರು ತುಂಬ ಹತ್ತಿ ಗಿರಣಿ, ಅಂಗಡೀಲಿ ಮಾತ್ರ ಒಂದು ಹಿಡಿ ಹತ್ತಿ ಸಿಗಲ್ಲ. ತಿಂಗಳ ಆ ದಿನಗಳಲ್ಲಿ ನಮ್ಮ ಹುಡುಗೀರು ಈ ಹೂವನ್ನ ಇಟ್ಕೋಬೇಕೇನೇ?"

ಸಭೆಯೆಲ್ಲ ನಕ್ಕಿತು. ನೀವು ಚಪ್ಪಾಳೆ ತಟ್ಟಿ ಮುಚ್ಚಿಹಾಕಲು ನೋಡಿದಿರಿ. ನಾನು ನಿಮ್ಮ ಭಾಷಣವನ್ನು ಮಡಚಿಟ್ಟು, ಅವಳ ಪ್ರಶ್ನೆಯನ್ನೇ ಮೈಕಿನಲ್ಲಿ ನಿಮ್ಮನ್ನು ಕೇಳಿದೆ.

ಸುಮಾರು ಹತ್ತು ವರ್ಷ ಸಂಸತ್ತಿನಲ್ಲಿ ಮಹಿಳೆಯರ ಹಕ್ಕಿನ ಬಗ್ಗೆ ಮಾತಾಡಿಯೂ ಇಷ್ಟು ಕೇಳಲು ನನಗೆ ಗೆನೋವೆಫಾ ಬೇಕಾಯಿತು. ನನ್ನ ತಪ್ಪು ಅದೊಂದೇ.

ನನ್ನ ಪಾಲಿನ ಹೂವನ್ನು ಇದರೊಂದಿಗೆ ವಾಪಸ್ ಕಳಿಸಿದ್ದೇನೆ, ಸ್ವಲ್ಪ ಬಾಡಿದೆ. ತಲುಪಿತೆಂದು ದಯವಿಟ್ಟು ಸಹಿ ಹಾಕಿ ಕಳಿಸಿ.

ನಾಳೆಯಿಂದ ಮತ್ತೆ ಮಗ್ಗದ ಮುಂದೆ ಸಿಗುವ,
ಲುದ್ವಿಕಾ ಷ್ಮಿಗೇಲ್