ಸೌಟಿನ ಸದ್ದು

ಕಲ್ಲೋಳಿ,
ಸೋಮವಾರ

ದುಂಡಪ್ಪ ಕಾಕಾ ಅವರಿಗೆ ದಾಕ್ಷಾಯಿಣಿಯ ನಮಸ್ಕಾರಗಳು.

ಹೋದ ವಾರ ನೀವು ನಿಮ್ಮ ಕರದಂಟಿನ ಕಾರ್ಖಾನೆಗೆ ಬಂದಾಗ, "ನನ್ನ ಮಗಾ ಬಂದ ಮ್ಯಾಲ ಎಷ್ಟ್ ಶಾಂತ ಆಗೇತಿ ನೋಡ" ಎಂದಿರಿ. ಆ ಶಾಂತಿಯ ಬಗ್ಗೆಯೇ ಬರೆಯುತ್ತಿದ್ದೇನೆ.

ಸುಲ್ತಾನಾಬಿ ಅಕ್ಕ ಮೇಲ್ವಿಚಾರಕಿಯಾಗಿದ್ದಾಗ, ಬೆಲ್ಲದ ಪಾಕ ಕೆಡಿಸಿದವರೇ ಕಡಾಯಿಯ ಅಂಚಿಗೆ ಸೌಟು ಬಡಿಯಬೇಕಿತ್ತು. ಮೊದಲು ಬಡಿದವರು ಅವರೇ: "ನಾನ ಕೆಡಿಸೇನಿ, ಎಲ್ಲಾರೂ ಬರ್ರಿ!" ಸದ್ದು ಕೇಳಿ ಯಾರೂ ಬೈಯುತ್ತಿರಲಿಲ್ಲ, ಓಡಿ ಬಂದು ಕೈ ಜೋಡಿಸುತ್ತಿದ್ದೆವು. ಅವರು ತೀರಿಕೊಂಡ ಮೇಲೆ ನಿಮ್ಮ ಮಗ ಅಭಿಷೇಕ ಅವರು "ಇದೇನ್ ಬ್ಯಾಂಡ್ ಬಾಜಾ?" ಎಂದು ಆ ಸೌಟನ್ನು ಮೊಳೆಗೆ ತೂಗುಹಾಕಿದರು. ಪಾಕ ಕೆಟ್ಟರೆ ಎಲ್ಲರೆದುರು ನಿಲ್ಲಿಸಿ ಬೈಯುತ್ತಾರೆ. ಈಗ ನಾವು ಎಲ್ಲವನ್ನೂ ಮುಚ್ಚಿಡುತ್ತೇವೆ.

ನೀವು ಬಂದ ದಿನ ಸುಲ್ತಾನಾಬಿಯವರ ಮಗಳು ಸೈಮಾ ಕುದಿಯುವ ಪಾಕವನ್ನು ಕೈಮೇಲೆ ಚೆಲ್ಲಿಕೊಂಡಿದ್ದಳು. ಆ ಕೈಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡೇ ನಿಮಗೆ ಚಹಾ ತಂದುಕೊಟ್ಟಳು. ಸಂಜೆ ಬಸ್ಸಿನಲ್ಲಿ ನಾನು ಬಿಚ್ಚಿದರೆ ಬಟ್ಟೆಯ ಜೊತೆ ಚರ್ಮವೂ ಕಿತ್ತುಬಂತು. ಯಾಕೆ ಹೇಳಲಿಲ್ಲವೆಂದು ಕೇಳಿದೆ.

"ಅಮ್ಮಿ ಇದ್ದಿದ್ರ ಹೇಳ್ತಿದ್ನಿ, ಅಕ್ಕಾ" ಎಂದಳು.

ಈಗ ಗೋಕಾಕದ ದವಾಖಾನೆಯಲ್ಲಿದ್ದಾಳೆ. ಬೆರಳುಗಳು ಮೊದಲಿನಂತೆ ಮಡಚುವುದು ಕಷ್ಟವಂತೆ.

ನಾಳೆಯಿಂದ ನಾನು ಕೆಲಸಕ್ಕೆ ಬರುವುದಿಲ್ಲ. ದಯವಿಟ್ಟು ಆ ಸೌಟನ್ನು ಸೈಮಾಗೆ ಕಳಿಸಿಕೊಡಿ. ಕಳಿಸುವ ಮೊದಲು ನೀವೇ ಒಮ್ಮೆ ಕಡಾಯಿಗೆ ಬಡಿಯಿರಿ, ಕಾಕಾ. ಯಾರಾದರೂ ಓಡಿ ಬರುತ್ತಾರೋ ನೋಡಿ.

ಇಷ್ಟು ವರ್ಷ ನಿಮ್ಮ ಕಡಾಯಿಯ ಮುಂದೆ ನಿಂತ,
ದಾಕ್ಷಾಯಿಣಿ