ಕರ್ಪೂರ ಆರಿಸಿದ ಕೈ

ಯಗಟಿ, ಸೋಮವಾರ

ಮಗ ಮಹೇಂದ್ರನಿಗೆ ನಿನ್ನವ್ವನ ಆಶೀರ್ವಾದ.

ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆದಿದ್ದೇನೆ. ಈ ತಿಂಗಳು ಮೂರು ಸಲ ಬಿದ್ದೆ. ಎಡವಲಿಲ್ಲ, ಜಾರಲಿಲ್ಲ, ನಿಂತಿದ್ದವಳು ನೆಲದ ಮೇಲಿದ್ದೆ. ನಿನ್ನ ಮಗಳು ಭವ್ಯ ಆಸ್ಪತ್ರೆಗೆ ಕರೆದೊಯ್ದಳು. ಒಂದು ದಿನವೆಲ್ಲ ಎದೆಗೆ ವೈರು ಅಂಟಿಸಿ ನೋಡಿದ ಡಾಕ್ಟರು, "ಅಜ್ಜಿ, ನಿಮ್ಮ ಹೃದಯ ಆಗಾಗ ಐದಾರು ಸೆಕೆಂಡು ನಿಂತ್ಬಿಡುತ್ತೆ, ಅದಕ್ಕೇ ಬೀಳ್ತೀರಿ. ಪೇಸ್‌ಮೇಕರ್ ಹಾಕಿದ್ರೆ ನಿಲ್ಲೋಕೆ ಬಿಡಲ್ಲ" ಅಂದರು.

"ಕುಡೀದೇ ಇದ್ದೋರೂ ಹಿಂಗೆ ಬೀಳ್ತಾರಾ ಸ್ವಾಮಿ?" ಅಂದೆ.

"ಯಾಕಜ್ಜಿ, ನೀವೇನು ಕುಡೀತೀರಾ?" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ನಿಮ್ಮಪ್ಪನೂ ಹೀಗೇ ಬೀಳುತ್ತಿದ್ದ. ಕುಡಿದು ಬೀಳುತ್ತಾನೆ ಅಂತ ನಿನಗೆ ಹೇಳಿದವಳು ನಾನೇ. ಗುಡಿಗೆ ಎಳೆದೊಯ್ದು, ಊರವರ ಮುಂದೆ ಕರ್ಪೂರ ಆರಿಸಿ ಆಣೆ ಮಾಡು ಅಂದೆ. ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, "ಒಂದು ಹನೀನೂ ಮುಟ್ಟಿಲ್ಲ ಕಣೇ" ಅಂದ. ಎಂಟನೇ ದಿನ ಬಿದ್ದು, ದನಕ್ಕೆ ನೀರಿಡುವ ಕಲ್ಲುಬಾನಿಗೆ ತಲೆ ಬಡಿದು ಸತ್ತ. ಸುಳ್ಳು ಆಣೆಗೆ ದೇವರೇ ಕೆಡವಿದ ಅಂತ ಹೆಣದ ಮುಂದೆಯೂ ಅಂದೆ. ನನ್ನ ಮಾತು ನಂಬಿ ನೀನು ಅಪ್ಪನ ಮಣ್ಣಿಗೂ ಬರಲಿಲ್ಲ.

ಶುಕ್ರವಾರ ನನಗೆ ಮಿಷನ್ ಹಾಕುತ್ತಾರೆ. ಗುರುವಾರವೇ ತರೀಕೆರೆಯಿಂದ ಹೊರಟು ಬಾ, ಮುಖ ಊದಿಸಿಕೊಂಡಾದರೂ ಸರಿ. ಅವತ್ತೇ ಅದೇ ಗುಡಿಯಲ್ಲಿ, ಅದೇ ಜನರ ಮುಂದೆ ನಿಂತು, ನಿಮ್ಮಪ್ಪನ ಆಣೆ ನಿಜವಾಗಿತ್ತು ಅಂತ ನಾನು ಹೇಳಬೇಕು. ಪಕ್ಕದಲ್ಲಿ ನಿಂತಿರು. ಹೇಳುತ್ತಾ ಹೇಳುತ್ತಾ ನಾನು ಬಿದ್ದರೆ, ಎತ್ತುವುದಕ್ಕೆ ಮುಂಚೆ ಉಳಿದದ್ದನ್ನು ನೀನು ಹೇಳಿ ಮುಗಿಸು.

ಇಂತಿ,
ನಿನ್ನವ್ವ ಸಾವಿತ್ರಮ್ಮ